ಅತ್ತಿಗೆಯ ಕಿವಿ, ನನ್ನ ಲೆಕ್ಕ

ಕಳೆದ ತಿಂಗಳು ಹಲ್ಲು ಕೀಳಿಸಿಕೊಳ್ಳಲು ಸರಸ್ವತಿಪುರಂಗೆ ಹೋಗಿದ್ದೆ. ಡಾಕ್ಟರು ಕೊಟ್ಟ ಇಂಜೆಕ್ಷನ್ನಿಗೆ ಅರ್ಧ ಮುಖ ಮರಗಟ್ಟಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದರೆ ಜಿಟಿಜಿಟಿ ಮಳೆ. ಆ ಅವಸ್ಥೆಯಲ್ಲಿ ಆಟೋದವರ ಹತ್ತಿರ ಚೌಕಾಸಿ ಮಾಡುವುದು ಆಗದ ಮಾತು ಎಂದು ಬಸ್ ಸ್ಟಾಪಿನ ಕಡೆ ನಡೆದೆ. ಅಡ್ಡರಸ್ತೆಯ ತಿರುವಿನಲ್ಲಿ ಬಿಸಿ ರಾಗಿಹಿಟ್ಟಿನ ವಾಸನೆ ಬಂತು. ಆಗತಾನೇ ಬೀಸಿದ, ಒಂದಿಷ್ಟು ಸೀದಂತಿರುವ ವಾಸನೆ. ಅದರ ಹಿಂದೆಯೇ ಖಾರದಪುಡಿಯ ಘಾಟು. ಕಾಲು ತಾನಾಗಿಯೇ ನಿಂತಿತು.

ಆ ಹಿಟ್ಟಿನ ಮಿಲ್ಲಿನ ಮಹಡಿಯ ಮನೆಯಲ್ಲಿ ನನ್ನ ಅತ್ತಿಗೆ ಸುಶೀಲಮ್ಮ ಬಹಳ ವರ್ಷ ಬಾಡಿಗೆಗಿದ್ದರು. ಅಣ್ಣ ತೀರಿಕೊಂಡ ಮೇಲೂ ಅಲ್ಲೇ ಇದ್ದು, ಸುತ್ತಮುತ್ತಲ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಈಗ ಆ ಬಾಲ್ಕನಿಗೆ ಒಂದು ಟ್ಯುಟೋರಿಯಲ್ಲಿನ ಬೋರ್ಡು ಬಿದ್ದಿದೆ. ಸರಳೆ ವರಸೆ ಕೇಳುತ್ತಿದ್ದ ಮೆಟ್ಟಿಲ ಮೇಲೆ ಬ್ಯಾಗು ಹೊತ್ತ ಹುಡುಗ ಹುಡುಗಿಯರು ಮಳೆ ನಿಲ್ಲಲೆಂದು ಕಾಯುತ್ತಿದ್ದರು. ನಾನೂ ಎದುರು ಅಂಗಡಿಯ ಸೂರಿನಡಿ ನಿಂತುಕೊಂಡೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಇಡಿಯಾಗಿ ನೆನಪಿಗೆ ಬಂತು. ಅದು ಆ ಮನೆಯಲ್ಲಿ ಅತ್ತಿಗೆಯ ಕೊನೆಯ ಮಳೆಗಾಲ.

ಆ ವರ್ಷವೇ ನಾನು ಕಡಕೊಳದ ಕಾರ್ಖಾನೆಯಿಂದ ನಿವೃತ್ತನಾಗಿದ್ದೆ. ಅಲ್ಲಿ ನನ್ನದು ಗುಣಮಟ್ಟ ಪರೀಕ್ಷೆಯ ವಿಭಾಗ. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು, ಅಳತೆಯನ್ನು ಗ್ರಾಫಿನ ಹಾಳೆಯಲ್ಲಿ ಚುಕ್ಕಿಯಿಟ್ಟು, ಚುಕ್ಕಿ ಗೆರೆ ದಾಟಿತೇ ಎಂದು ನೋಡುವುದೇ ಜೀವಮಾನದ ಕೆಲಸವಾಗಿತ್ತು. ಮನೆಯಲ್ಲಿ ಅಳೆಯಲು ಏನೂ ಇರಲಿಲ್ಲ. ಹೆಂಡತಿ ಶಾರದೆ ಸಾರಿಗೆ ಹಾಕುವ ಉಪ್ಪನ್ನು ಅಳೆಯಲು ಹೋಗಿ ಬೈಸಿಕೊಂಡೆ. ಆಮೇಲೆ ಷೇರುಪೇಟೆ ಹಿಡಿದೆ. ಕಂಪನಿಗಳ ಲೆಕ್ಕಪತ್ರ ಓದುವುದು, ಮಾರಾಟ, ಸಾಲ, ಗೋದಾಮಿನ ದಾಸ್ತಾನು ಇವನ್ನೆಲ್ಲ ಮತ್ತೆ ಗ್ರಾಫಿಗೆ ಇಳಿಸುವುದು, ಸರಿಕಂಡರೆ ಒಂದಿಷ್ಟು ಷೇರು ಕೊಂಡು ಕೆಲವು ವಾರದಲ್ಲಿ ಮಾರುವುದು. ದೊಡ್ಡ ಲಾಭವೂ ಇಲ್ಲ, ದೊಡ್ಡ ನಷ್ಟವೂ ಇಲ್ಲ. ಗೆರೆಯೊಳಗೇ ಇದ್ದೆ.

ಅತ್ತಿಗೆ ಇದಕ್ಕೆ ಬಂದದ್ದು ಒಂದು ಸೋರುವ ನಲ್ಲಿಯಿಂದ. ಆಷಾಢದ ಒಂದು ಮಧ್ಯಾಹ್ನ ಅವರ ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಮೊಬೈಲಿನಲ್ಲಿ ಒಂದು ಕಂಪನಿಯ ದೊಡ್ಡವರ ಮಾತು ನಡೆಯುತ್ತಿತ್ತು. ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ಕಂಪನಿಯವರು ಹೂಡಿಕೆದಾರರ ಪ್ರಶ್ನೆಗಳಿಗೆ ಫೋನಿನಲ್ಲಿ ಉತ್ತರ ಹೇಳುತ್ತಾರೆ. ಅದರ ಧ್ವನಿಮುದ್ರಣ ಯಾರು ಬೇಕಾದರೂ ಕೇಳುವಂತೆ ಇಂಟರ್‌ನೆಟ್ಟಿನಲ್ಲಿ ಇರುತ್ತದೆ. ಅತ್ತಿಗೆ ಕರಿಬೇವು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಯಾರೋ ಅದು ಮಂಜು? ಪಾಪ, ತುಂಬಾ ಹೆದರ್ಕೊಂಡಿದ್ದಾನಲ್ಲ."

"ಹೆದರೋದೇನು ಅತ್ತಿಗೆ, ಲಾಭ ಜಾಸ್ತಿಯಾಗಿದೆ ಅಂತ ಹೇಳ್ತಿದ್ದಾನೆ."

"ಏನಾದ್ರೂ ಹೇಳ್ಕೊಳ್ಳಲಿ. ಪ್ರಶ್ನೆ ಮುಗಿಯೋಕೆ ಮುಂಚೆನೇ ಉತ್ತರಕ್ಕೆ ಬಾಯಿ ಹಾಕ್ತಾನೆ. ಪಾಠ ಒಪ್ಪಿಸೋಕೆ ಬರದೇ ಇರೋ ಮಕ್ಕಳು ಹೀಗೇ ಕಣೋ. ಎಲ್ಲಿ ನಿಲ್ಲಿಸಿಬಿಡ್ತಾರೋ ಅಂತ ಓಡ್ತವೆ."

ನಾನು ನಕ್ಕು ವಾಷರ್ ಹಾಕಿ ಎದ್ದೆ. ನನ್ನ ಗ್ರಾಫಿನಲ್ಲಿ ಆ ಕಂಪನಿ ಸೊಗಸಾಗಿತ್ತು. ಆದರೂ ಏಕೋ ಮನಸ್ಸು ಹಿಂಜರಿಯಿತು, ಷೇರು ಕೊಳ್ಳಲಿಲ್ಲ. ಹದಿನೈದು ದಿನದೊಳಗೆ ಅವರ ದೊಡ್ಡ ಗಿರಾಕಿ ಕೈಬಿಟ್ಟ ಸುದ್ದಿ ಬಂದು ಷೇರು ಧೊಪ್ಪನೆ ಬಿತ್ತು. ನಾನು ಮಾರನೆಯ ದಿನವೇ ಅತ್ತಿಗೆಯ ಮನೆಗೆ ಹೋದೆ.

ಹೀಗೆ ಶುರುವಾಯಿತು. ಮಿಲ್ಲು ಮಧ್ಯಾಹ್ನದ ಊಟಕ್ಕೆ ನಿಂತಾಗ ಮಾತ್ರ ಆ ಮನೆಯಲ್ಲಿ ನಿಶ್ಶಬ್ದ. ಬೀಸುವಾಗ ನೆಲವೇ ಗುಂಯ್ ಎನ್ನುತ್ತಿತ್ತು. ಆ ಬಿಡುವಿನ ಹೊತ್ತಿಗೆ ಸರಿಯಾಗಿ ನಾನು ಹೋಗುತ್ತಿದ್ದೆ. ಅತ್ತಿಗೆ ಕಣ್ಣುಮುಚ್ಚಿ ಗೋಡೆಗೊರಗಿ ಕೂರುತ್ತಿದ್ದರು, ತೊಡೆಯ ಮೇಲೆ ಬೆರಳು ಸಣ್ಣಗೆ ತಾಳ ಹಾಕುತ್ತಿತ್ತು. ಇಂಗ್ಲಿಷು ಬರುತ್ತಿತ್ತು, ಆದರೆ ಆ ವ್ಯವಹಾರದ ಮಾತು ಅವರಿಗೆ ಬೇಕಿರಲಿಲ್ಲ. "ಅರ್ಥ ನೀನು ನೋಡ್ಕೊ, ದನಿ ನಾನು ನೋಡ್ಕೋತೀನಿ" ಎನ್ನುತ್ತಿದ್ದರು. ಒಬ್ಬನಿಗೆ ಉಸಿರು ಸಾಲದು, ಇನ್ನೊಬ್ಬನಿಗೆ ಕೆಳಗಿನ ಷಡ್ಜವೇ ನಿಲ್ಲದು, ಮತ್ತೊಬ್ಬ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಾನೆ, ಒಳ್ಳೆಯವನು. ಹೀಗೆ ಅವರ ತೀರ್ಪು ಬರುತ್ತಿತ್ತು. ಏಕೆ ಎಂದು ಕೇಳಿದರೆ ಕೆಲವು ಸಲ ಹೇಳುತ್ತಿದ್ದರು, ಹಲವು ಸಲ "ಹಾಗನ್ನಿಸ್ತು ಅಷ್ಟೆ, ಪೀಡಿಸಬೇಡ" ಎಂದುಬಿಡುತ್ತಿದ್ದರು.

ನಾವೊಂದು ಕಟ್ಟಳೆ ಮಾಡಿಕೊಂಡೆವು. ಅತ್ತಿಗೆಯ ಕಿವಿಯೂ ಹೂಂ ಅನ್ನಬೇಕು, ನನ್ನ ಲೆಕ್ಕವೂ ಹೂಂ ಅನ್ನಬೇಕು. ಆಗ ಮಾತ್ರ ಅವರ ಹೆಸರಿನಲ್ಲೊಂದಿಷ್ಟು, ನನ್ನ ಹೆಸರಿನಲ್ಲೊಂದಿಷ್ಟು ಕೊಳ್ಳುವುದು. ನನ್ನ ಲೆಕ್ಕ ತಿಳಿದರೆ ಅವರ ಕಿವಿ ಕೆಡುತ್ತದೆಂದು ಅವರದೇ ಮೊದಲ ಮಾತು. ಆಮೇಲೆ ನನ್ನದು. ಅವರು ಹೂಂ ಎಂದರೂ ನಾನು ಸಾಲದ ಹೊರೆ ನೋಡಿ ಬೇಡವೆಂದ ಒಂದು ಕಂಪನಿ ಕಣ್ಣೆದುರಿಗೇ ಏರಿಹೋಯಿತು. ಅತ್ತಿಗೆ ಕೊಂಕು ನುಡಿಯಲಿಲ್ಲ. "ಬುಡು, ನಮ್ಮ ಋಣ ಅಷ್ಟು" ಎಂದು ಕಾಫಿಗೆ ಎದ್ದರು. ಇಬ್ಬರೂ ಹೂಂ ಎಂದ ಮೂರ್ನಾಲ್ಕು ಕಂಪನಿಗಳು ನಮ್ಮ ಕೈಬಿಡಲಿಲ್ಲ. ಶ್ರಾವಣ ಕಳೆಯುವಷ್ಟರಲ್ಲಿ ಅತ್ತಿಗೆಯ ಖಾತೆ ನೋಡಿ ನನಗೇ ಆಶ್ಚರ್ಯವಾಗಿತ್ತು.

ಅವರಿಗೆ ಹಣದ ಆಸೆಯಿತ್ತೇ ಎಂದರೆ ಇತ್ತು, ಒಂದೇ ಒಂದು ಕಾರಣಕ್ಕೆ. ಮನೆ ಮಾಲೀಕರು ನರಸಿಂಹಯ್ಯನವರು ಮಹಡಿಯ ಮನೆಯನ್ನು ಮಾರುವುದಾಗಿ ಆ ಬೇಸಿಗೆಯಲ್ಲೇ ಹೇಳಿದ್ದರು. ಒಳ್ಳೆಯ ಮನುಷ್ಯ, "ಮೊದಲು ನಿಮಗೇ ಕೇಳ್ತೀನಿ ಸುಶೀಲಮ್ಮ, ನಿಮ್ಮ ಕೈಲಿ ಆಗದಿದ್ರೆ ಮಾತ್ರ ಬೇರೆಯೋರಿಗೆ" ಎಂದಿದ್ದರು. ಅಣ್ಣನ ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿತ್ತು. ಅದಕ್ಕೆ ಇನ್ನೊಂದಿಷ್ಟು ಕೂಡಬೇಕಿತ್ತು. ಮಕ್ಕಳಿಲ್ಲದ ಅತ್ತಿಗೆಗೆ ಆ ಮನೆಯೆಂದರೆ ಸಂಜೆ ಮೆಟ್ಟಿಲ ಕೆಳಗೆ ಸಾಲಾಗಿ ಬೀಳುತ್ತಿದ್ದ ಪುಟ್ಟ ಚಪ್ಪಲಿಗಳು. ಮನೆ ಹೋದರೆ ಪಾಠ ಹೋಗುತ್ತದೆ, ಪಾಠ ಹೋದರೆ ತಾನೇನು ಎಂಬ ಹೆದರಿಕೆ ಅವರಿಗಿತ್ತು. ಹೇಳುತ್ತಿರಲಿಲ್ಲ, ಆದರೆ ನನಗೆ ಗೊತ್ತಿತ್ತು.

ಖಾತೆ ಬೆಳೆಯತೊಡಗಿದ ಮೇಲೆ ಮಾತಿನ ದಾರಿಯೂ ಬದಲಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ ನಾವಿಬ್ಬರೂ ನಡುಮನೆಯಲ್ಲಿ ನಿಂತು ಯಾವ ಗೋಡೆ ಒಡೆಸಬೇಕು, ಮಿಲ್ಲಿನ ಸದ್ದು ಬಾರದಂತೆ ಯಾವ ಕಿಟಕಿಗೆ ಗಾಜು ಹಾಕಿಸಬೇಕು ಎಂದು ಚರ್ಚೆ ಮಾಡುತ್ತಿದ್ದೆವು. ನಾನು ಟೇಪು ತಂದು ಅಳೆದೂ ಆಗಿತ್ತು. ಶಾರದೆ ಒಂದು ದಿನ ಬಂದವಳು ಇದನ್ನೆಲ್ಲ ನೋಡಿ, "ನಿಮ್ಮಿಬ್ರಲ್ಲಿ ಯಾರು ಯಾರನ್ನ ಕೆಡಿಸಿದ್ರೋ ತಿಳೀತಿಲ್ಲ ಕಣ್ರೀ" ಎಂದಳು. ನಾವು ಜೋರಾಗಿ ನಕ್ಕೆವು. ಅಣ್ಣ ಹೋದಮೇಲೆ ಅತ್ತಿಗೆ ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ಮಧ್ಯಾಹ್ನಗಳು ಈಗಲೂ ಬೇಕೆನ್ನಿಸುತ್ತವೆ, ಸುಳ್ಳು ಹೇಳುವುದಿಲ್ಲ.

ಗಣೇಶನನ್ನು ನೀರಿಗೆ ಬಿಟ್ಟ ವಾರ ನರಸಿಂಹಯ್ಯನವರು ಛತ್ರಿ ಮಡಚಿಕೊಂಡು ಮೇಲೆ ಬಂದರು. ಬೇರೆ ಗಿರಾಕಿ ಬಂದಿದ್ದಾರಂತೆ, ಯಾವುದೋ ಟ್ಯುಟೋರಿಯಲ್ಲಿನವರು, ಕೇಳಿದಷ್ಟು ಕೊಡುತ್ತಾರಂತೆ. ಅವರಿಗೂ ಮಗಳ ಮದುವೆಯ ತುರ್ತು. "ದಸರಾ ಹೊತ್ತಿಗೆ ಅಗ್ರಿಮೆಂಟ್ ಮಾಡ್ಕೊಂಡ್ಬುಡಿ ತಾಯೀ. ಅದಕ್ಕಿಂತ ಜಾಸ್ತಿ ನನ್ನ ಕೈಲಿ ತಡೆಯೋಕಾಗಲ್ಲ" ಎಂದು ಕೈಮುಗಿದರು. ಅತ್ತಿಗೆಯೂ ಕೈಮುಗಿದರು. ಅವರು ಮೆಟ್ಟಿಲಿಳಿದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ಇನ್ನೊಂದು ಸರಿಯಾದ್ದು ಸಿಕ್ಕಿದ್ರೆ ಸಾಕಲ್ವೇನೋ?" ಎಂದರು. ಸಾಕು ಎಂದೆ. ಅದು ನಿಜವೂ ಆಗಿತ್ತು.

ಸಿಕ್ಕಿದ್ದು ನೀರೆತ್ತುವ ಪಂಪು ಮಾಡುವ ಒಂದು ಕಂಪನಿ. ಎಲ್ಲರ ಬಾಯಲ್ಲೂ ಅದೇ ಹೆಸರು. ಷೇರಿನ ಬೆಲೆ ದಿನದಿನಕ್ಕೂ ಏರುತ್ತಿತ್ತು. ಅತ್ತಿಗೆಗೆ ಕೇಳಿಸುವ ಹಿಂದಿನ ಸಂಜೆ ಕೂತು ಅದರ ಲೆಕ್ಕಪತ್ರ ತೆಗೆದೆ. ಮಾರಾಟ ಜಾಸ್ತಿ, ಲಾಭ ಜಾಸ್ತಿ. ಆದರೆ ಮಾರಿದ ಮಾಲಿನ ದುಡ್ಡು ಕೈಗೆ ಬಂದಿರಲಿಲ್ಲ, ಗೋದಾಮಿನಲ್ಲಿ ದಾಸ್ತಾನು ಬೆಳೆಯುತ್ತಲೇ ಇತ್ತು. ಅಷ್ಟೊಂದು ಮಾರಾಟವಾದ ಮೇಲೆ ಇಷ್ಟೊಂದು ಮಾಲು ಉಳಿಯುವುದು ಹೇಗೆ? ಕಾರ್ಖಾನೆಯಲ್ಲಿ ಇಂಥ ಚುಕ್ಕಿ ಕಂಡಿದ್ದರೆ ಹಿಂದೆಮುಂದೆ ನೋಡದೆ ಯಂತ್ರ ನಿಲ್ಲಿಸುತ್ತಿದ್ದೆ. ಬೇಡವೆಂದು ಹೇಳಬೇಕು ಎಂದು ತೀರ್ಮಾನಿಸಿಯೇ ಮಲಗಿದೆ.

ಮಾರನೆಯ ಮಧ್ಯಾಹ್ನ ಹುಯ್ಯೋ ಎಂದು ಮಳೆ. ಬೇಡ ಎಂದು ಹೇಳಿದರೆ ಅತ್ತಿಗೆ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಸಂಕಟವಾಗಿ, ದಾರಿಯಲ್ಲಿ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ತಿನ್ನುತ್ತಾ ಹೇಳಿದರೆ ಮಾತು ಅಷ್ಟು ಚುಚ್ಚುವುದಿಲ್ಲ ಎಂದು ನನ್ನ ಎಣಿಕೆ. ಅತ್ತಿಗೆ ಪೊಟ್ಟಣ ನೋಡಿ ಮುಖ ಅರಳಿಸಿ, "ಏನೋ ವಿಶೇಷ ಇವತ್ತು" ಎಂದರು. ಮಿಲ್ಲು ನಿಂತಿತ್ತು. ಮೊಬೈಲು ಹಚ್ಚಿದೆ.

ಪಂಪಿನ ಕಂಪನಿಯ ಮುಖ್ಯಸ್ಥ ಮಾತನಾಡಿದ. ತಡವರಿಕೆಯಿಲ್ಲ, ಅವಸರವಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿದಂಥ ಮಾತು. ಅತ್ತಿಗೆ ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಬೆರಳು ತಾಳ ಹಾಕುತ್ತಿರಲಿಲ್ಲ. ಆಮೇಲೆ, ಯಾವತ್ತೂ ಕೇಳದವರು, "ನೀನೇನಂತೀಯ ಮಂಜು?" ಎಂದು ಕೇಳಿದರು.

"ಮೊದಲು ನೀವು ಹೇಳಿ ಅತ್ತಿಗೆ. ಕಟ್ಟಳೆ ಕಟ್ಟಳೇನೇ" ಎಂದೆ.

ಅವರು ಬಜ್ಜಿಯ ತಟ್ಟೆ ನೋಡಿದರು, ಒಡೆಸಬೇಕಾದ ಗೋಡೆಯನ್ನು ನೋಡಿದರು. "ಹೂಂ" ಎಂದರು.

ಆ ಹೂಂ ಕೇಳಿ ನನ್ನ ಒಳಗಿನದೆಲ್ಲ ಸಡಿಲವಾಯಿತು. ಇವರ ಕಿವಿ ಇದುವರೆಗೆ ಒಮ್ಮೆಯೂ ಮೋಸ ಹೋಗಿಲ್ಲ, ನಾನೇ ಜಾಸ್ತಿ ಅಳೆಯುತ್ತಿದ್ದೇನೇನೋ, ಹಿಂದೆ ಇವರು ಹೂಂ ಎಂದಿದ್ದನ್ನು ನಾನು ತಡೆದೇ ಅಲ್ಲವೇ ಒಂದು ಅವಕಾಶ ಕಳೆದದ್ದು, ದುಡ್ಡು ಬರುವುದು ಮುಂದಿನ ತಿಂಗಳಿಗೆ ತಡವಾಗಿದ್ದರೂ ಆಗಿರಬಹುದು. ಹೀಗೆ ಕ್ಷಣದಲ್ಲಿ ನನಗೆ ಬೇಕಾದಷ್ಟು ಕಾರಣಗಳು ಸಿಕ್ಕವು. ಬೇಕು ಎಂದಾಗ ಕಾರಣಕ್ಕೇನು ಬರ. "ನನ್ನದೂ ಹೂಂ" ಎಂದೆ. ಅತ್ತಿಗೆ ಬ್ಯಾಂಕಿನಲ್ಲಿದ್ದ ಅಣ್ಣನ ದುಡ್ಡನ್ನೂ ತೆಗೆಸಿದರು. ಈ ಸಲ ಅದನ್ನೂ ಹಾಕೋಣ ಎಂದು ಮೊದಲು ಅಂದವರು ಯಾರು ಎಂಬುದು ನನಗೆ ಎಷ್ಟು ನೆನಪಿಸಿಕೊಂಡರೂ ನೆನಪಾಗುವುದಿಲ್ಲ. ನಾನೂ ನನ್ನ ಪಾಲಿನದನ್ನು ಸೇರಿಸಿದೆ. ಬಜ್ಜಿ ಅಷ್ಟರಲ್ಲಿ ಆರಿ ಮೆತ್ತಗಾಗಿತ್ತು.

ಮೊದಲ ವಾರ ಬೆಲೆ ಏರಿತು. ಮಾರಿಬಿಡೋಣವೇ ಎಂದುಕೊಂಡೆ, ಇನ್ನೊಂದು ಸ್ವಲ್ಪ ಏರಿದರೆ ನೋಂದಣಿ ಖರ್ಚೂ ಹುಟ್ಟುತ್ತದೆಂದು ಸುಮ್ಮನಾದೆ. ಅಷ್ಟರಲ್ಲಿ ನವರಾತ್ರಿ ಬಂತು. ಅತ್ತಿಗೆ ಎಂದಿಗಿಂತ ಒಂದು ಮೆಟ್ಟಿಲು ಹೆಚ್ಚಿಗೆ ಕಟ್ಟಿ ಬೊಂಬೆ ಕೂರಿಸಿದರು. ಪಟ್ಟದ ಬೊಂಬೆಗೆ ಹೊಸ ಜರಿಬಟ್ಟೆ. ಪಾಠದ ಮಕ್ಕಳೆಲ್ಲ ಸಂಜೆ ಬಂದು ಹಾಡಿ, ಬೊಂಬೆ ಬಾಗಿನ ಇಸಿದುಕೊಂಡು ಹೋಗುತ್ತಿದ್ದವು. ಎರಡನೆಯ ದಿನವೋ ಮೂರನೆಯ ದಿನವೋ ಬೆಳಿಗ್ಗೆ ಸುದ್ದಿ ಬಂತು. ಆ ಕಂಪನಿಯ ಆಡಿಟರು ರಾಜೀನಾಮೆ ಕೊಟ್ಟಿದ್ದರು. ತೋರಿಸಿದ ಮಾರಾಟ ನಿಜವೋ ಸುಳ್ಳೋ ಎಂಬ ಗುಮಾನಿ.

ಷೇರಿಗೆ ದಿನಕ್ಕೆ ಇಷ್ಟೇ ಬೀಳಬಹುದೆಂಬ ಮಿತಿಯಿರುತ್ತದೆ. ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಅದು ಆ ಮಿತಿಗೆ ಬಂದು ನಿಲ್ಲುತ್ತಿತ್ತು. ಮಾರುವವರು ಸಾಲುಗಟ್ಟಿದ್ದರು, ಕೊಳ್ಳುವವನು ಒಬ್ಬನೂ ಇಲ್ಲ. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ. ಬಾವಿಗೆ ಬಿದ್ದ ಕೊಡವನ್ನು ಹಗ್ಗವಿಲ್ಲದೆ ನೋಡುತ್ತ ನಿಂತ ಹಾಗೆ ನಾನು ಮೊಬೈಲು ನೋಡುತ್ತಿದ್ದೆ. ಅತ್ತಿಗೆ ದಿನವೂ ಫೋನು ಮಾಡಿ, "ಇವತ್ತು ಹೋಯ್ತೇನೋ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, "ಸರಿ, ಸಂಜೆ ಶಾರದೇನ ಕರ್ಕೊಂಡು ಬಾ, ಬೊಂಬೆ ಮುಂದಿನ ಚರುಪಿಗೆ ಕಡಲೆ ಉಸಲಿ ಮಾಡಿದೀನಿ" ಎನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಗೆ ಮಾರಾಟವಾದಾಗ ಬಂದದ್ದರಲ್ಲಿ ಮನೆಯ ಮಾತೇ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಜೊತೆಗೆ ತಟ್ಟೆಯೂ ಹೋಯಿತು. ವಿಜಯದಶಮಿಯ ಸಂಜೆ ನರಸಿಂಹಯ್ಯನವರು ಬನ್ನಿ ಕೊಡಲು ಬಂದರು. ಅತ್ತಿಗೆ ಬನ್ನಿ ತೆಗೆದುಕೊಂಡು, ಕಾಫಿ ಕೊಟ್ಟು, "ಅವರಿಗೇ ಕೊಟ್ಬುಡಿ, ನನ್ನ ಕೈಲಿ ಆಗ್ಲಿಲ್ಲ" ಎಂದರು. ಅವರು ಹೋದ ಮೇಲೆ ಪಟ್ಟದ ಬೊಂಬೆಗಳನ್ನು ಪದ್ಧತಿಯಂತೆ ಮಲಗಿಸಿದರು. ಆಮೇಲೆ ಅಲ್ಲೇ ಮೆಟ್ಟಿಲ ಪಕ್ಕ ತಾವೂ ಕೂತರು. ನಾನು ಬೊಂಬೆಗೆ ಸುತ್ತುವ ಹಳೆಯ ಪಂಚೆಗಳನ್ನು ಮಡಚುತ್ತ ಕೂತೆ.

ಕಾರ್ತಿಕದಲ್ಲಿ ಅತ್ತಿಗೆ ವಿಜಯನಗರದ ಆಚೆಯ ಬಡಾವಣೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆಗೆ ಹೋದರು. ನಮ್ಮ ಮನೆಗೆ ಬನ್ನಿ ಎಂದು ಶಾರದೆ ಎಷ್ಟು ಕರೆದರೂ ಒಪ್ಪಲಿಲ್ಲ. ಹಳೆಯ ಮಕ್ಕಳಿಗೆ ಅಷ್ಟು ದೂರ ಬಸ್ಸಿನಲ್ಲಿ ಬರುವುದಾಗಲಿಲ್ಲ. ಹೊಸ ಬಡಾವಣೆಯಲ್ಲಿ ಎದುರುಮನೆಯವರ ಹೆಸರೇ ಯಾರಿಗೂ ತಿಳಿಯದು, ಸಂಗೀತಕ್ಕೆ ಯಾರು ಕಳಿಸುತ್ತಾರೆ. ಮೊದಲು ನಾಲ್ಕು ಮಕ್ಕಳಿದ್ದವು, ಆಮೇಲೆ ಎರಡು, ಆಮೇಲೆ ಶ್ರುತಿಪೆಟ್ಟಿಗೆಗೆ ಬಟ್ಟೆ ಹೊದಿಸಿದರು. ನಾನು ತಿಂಗಳಿಗೆರಡು ಸಲ ಹೋಗಿ ಬರುತ್ತೇನೆ. ತರಕಾರಿ, ಔಷಧಿ, ಕರೆಂಟ್ ಬಿಲ್ಲು ಎಲ್ಲದರ ಮಾತಾಗುತ್ತದೆ. ಆ ಮಳೆಗಾಲದ ಮಾತನ್ನು ಮಾತ್ರ ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಷೇರಿನ ಸಹವಾಸವನ್ನು ಅಲ್ಲಿಗೇ ಬಿಟ್ಟೆ.

ಹಲ್ಲು ಕೀಳಿಸಿಕೊಂಡ ದಿನ ಮಳೆ ನಿಂತ ಮೇಲೆ ಮನೆಗೆ ಹೋಗಲಿಲ್ಲ. ವಿಜಯನಗರದ ಬಸ್ಸು ಹತ್ತಿದೆ. ಅತ್ತಿಗೆ ನನ್ನ ಊದಿದ ಕೆನ್ನೆ ನೋಡಿ ಗಾಬರಿಯಾಗಿ ಗಂಜಿ ಕಾಯಿಸಿಕೊಟ್ಟರು. ನಾನು ಹತ್ತಿ ಉಗಿದು, ತೊದಲುತ್ತಲೇ, ಮಿಲ್ಲಿನ ಮೇಲಿನ ಮನೆ ನೋಡಿ ಬಂದೆ ಎಂದೆ. ಅವರು ಸೌಟು ಕೆಳಗಿಟ್ಟರು.

"ಮಂಜು, ಒಂದು ಮಾತು ಹೇಳ್ತೀನಿ, ಬೈಬೇಡ. ಎಷ್ಟು ಸಲ ಹೇಳ್ಬೇಕು ಅಂತ ಬಾಯಿಗೆ ಬಂದು ನುಂಗ್ಕೊಂಡಿದೀನಿ. ಅವತ್ತು ಆ ಪಂಪಿನೋನ ದನಿ ನನಗೆ ಹಿಡಿಸಲೇ ಇಲ್ಲ ಕಣೋ. ಯಾವ ಪ್ರಶ್ನೆ ಕೇಳಿದ್ರೂ ಒಂದೇ ಸ್ಥಾಯಿ. ಕಷ್ಟದ ಪ್ರಶ್ನೆಗೂ ಅದೇ, ಸುಲಭದ್ದಕ್ಕೂ ಅದೇ. ಜೀವ ಇರೋ ಮನುಷ್ಯ ಹಾಗೆ ಮಾತಾಡಲ್ಲ. ಬಾಯಿಪಾಠ."

"ಮತ್ತೆ ಹೂಂ ಅಂದಿರಲ್ಲ ಅತ್ತಿಗೆ?"

"ನೀನು ಬಜ್ಜಿ ಕಟ್ಟಿಸ್ಕೊಂಡು ಬಂದಿದ್ದೆ. ಲೆಕ್ಕ ಗಟ್ಟಿಯಾಗಿ ಕೂತಿದೆ, ಅದಕ್ಕೇ ಇಷ್ಟು ಖುಷಿಯಾಗಿದಾನೆ ಹುಡುಗ ಅಂದ್ಕೊಂಡೆ. ನಿನ್ನ ಅಳತೆ ಯಾವತ್ತು ತಪ್ಪಿತ್ತು? ನನ್ನ ಕಿವಿಗೇ ವಯಸ್ಸಾಯ್ತು ಅಂದ್ಕೊಂಡು ಹೂಂ ಅಂದ್ಬುಟ್ಟೆ. ನಿನ್ನ ದುಡ್ಡೂ ಹೋಯ್ತು ನನ್ನಿಂದ. ಕ್ಷಮಿಸ್ಬುಡಪ್ಪ."

ಅರ್ಧ ಸತ್ತ ನಾಲಿಗೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಸಿಕ್ಕದ ದುಡ್ಡು, ಗೋದಾಮಿನ ಮಾಲು, ಬೇಡವೆಂದು ಹೇಳಲೆಂದೇ ಹೊರಟದ್ದು, ಅವರು ನೊಂದುಕೊಂಡಾರೆಂದು ಬಜ್ಜಿ ಕಟ್ಟಿಸಿದ್ದು, ಅವರ ಹೂಂ ಕೇಳಿ ನಾನೂ ಹೂಂ ಎಂದದ್ದು. ಹೇಳುತ್ತ ಹೋದಂತೆ ಅತ್ತಿಗೆಯ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಅದು ಎಲ್ಲಿಗೋ ಹೋಯಿತು. ಗಂಜಿ ಆರುತ್ತಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೂಂ ಅನ್ನೋಕೆ ಇಬ್ರೂ ಬೇಕಾಗಿತ್ತು" ಎಂದರು. "ಬೇಡ ಅನ್ನೋಕೆ ಒಬ್ರು ಸಾಕಾಗಿತ್ತಲ್ಲೋ ಮಂಜು."